ಮೀನಿನ ವಯಸ್ಸು ತಪ್ಪಿದರೆ ಲೆಕ್ಕವೇ ತಪ್ಪು

ಮೀನಿನ ತಲೆಬುರುಡೆಯೊಳಗೆ, ಒಳಕಿವಿಯಲ್ಲಿ, ಸುಣ್ಣದ ಪುಟ್ಟ ಕಲ್ಲುಗಳಿರುತ್ತವೆ. ವಿಜ್ಞಾನಿಗಳು ಓಟೋಲಿತ್ ಎನ್ನುವ ಈ ಕಿವಿಗಲ್ಲು ಮೀನಿನ ಜೊತೆಗೇ ಪದರ ಪದರವಾಗಿ ಬೆಳೆಯುತ್ತದೆ. ಅದನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಉಂಗುರ ಎಣಿಸಿ ವಯಸ್ಸು ಹೇಳುತ್ತಾರೆ. ಎಷ್ಟೋ ದೊಡ್ಡ ಮೀನುಗಾರಿಕೆಗಳಲ್ಲಿ ಈ ವರ್ಷ ಎಷ್ಟು ಟನ್ ಹಿಡಿಯಬಹುದೆಂಬ ತೀರ್ಮಾನದ ಹಿಂದೆ ಈ ಎಣಿಕೆಯಿದೆ.

ವಿದ್ಯೆ ಹಳೆಯದು. ಸ್ವೀಡನ್ನಿನ ಹ್ಯಾನ್ಸ್ ಹೆಡರ್‌ಸ್ಟ್ರೋಮ್ 1759ರಲ್ಲೇ ಪೈಕ್ ಮೀನಿನ ಬೆನ್ನುಮೂಳೆಯ ಉಂಗುರಗಳನ್ನು ಎಣಿಸಿದ್ದರು. ಅದಕ್ಕೆ ನಿಜವಾದ ತೂಕ ತಂದವರು ನಾರ್ವೆಯ ಯೋಹಾನ್ ಯೋರ್ಟ್. ಹೆರಿಂಗ್ ಮೀನಿನ ಹುರುಪೆಗಳನ್ನು ಓದಿ, 1904ರಲ್ಲಿ ಹುಟ್ಟಿದ ಒಂದೇ ಪೀಳಿಗೆ ಹಲವು ವರ್ಷ ಬಲೆಗಳನ್ನು ತುಂಬಿಸಿತೆಂದು ಅವರು 1914ರಲ್ಲಿ ತೋರಿಸಿದರು. ಮೀನಿನ ಏರಿಳಿತ ಅರಿಯಬೇಕಾದರೆ ವಯಸ್ಸು ತಿಳಿದಿರಬೇಕು ಎಂಬುದು ಆಗ ಸ್ಥಿರವಾಯಿತು.

ವಯಸ್ಸಿನಿಂದ ಬೆಳವಣಿಗೆಯ ವೇಗ, ವಯಸ್ಸಿನಿಂದಲೇ ಸಾವಿನ ಪ್ರಮಾಣ, ಅವೆರಡರಿಂದ ಹಿಡಿಯಬಹುದಾದ ಪಾಲು: ಲೆಕ್ಕ ಹೀಗೆ ಸಾಗುತ್ತದೆ. ಮುದಿ ಮೀನನ್ನು ಎಳೆಯದೆಂದು ಬರೆದರೆ ಅದು ಬೇಗ ಬೆಳೆಯುವ, ಬೇಗ ಮರುತುಂಬುವ ಜಾತಿಯಂತೆ ಕಾಣುತ್ತದೆ, ಕೋಟಾ ಹಿಗ್ಗುತ್ತದೆ. ತಪ್ಪು ಎರಡೂ ಕಡೆಗೆ ಚದುರಿದ್ದರೂ ಹಾನಿ ತಪ್ಪದು. ಬಲವಾದ ಒಂದು ಪೀಳಿಗೆಯ ಮೀನುಗಳು ಅಕ್ಕಪಕ್ಕದ ವರ್ಷಗಳಿಗೆ ಹಂಚಿಹೋಗಿ, ಒಳ್ಳೆಯ ವರ್ಷ ಯಾವುದು, ಕೆಟ್ಟದ್ದು ಯಾವುದು ಎಂಬ ಗುರುತೇ ಮಸುಕಾಗುತ್ತದೆ.

ಇದರ ಬೆಲೆ ತೆತ್ತದ್ದು ಆರೆಂಜ್ ರಫಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಆಳಸಮುದ್ರದ ಈ ಮೀನಿಗೆ ಮೊದಮೊದಲು ಆಯುಷ್ಯ ಕೆಲವೇ ದಶಕ ಎಂದುಕೊಂಡಿದ್ದರು. 1991ರಲ್ಲಿ ಕಿವಿಗಲ್ಲಿನ ವಿಕಿರಣಶೀಲ ಧಾತುಗಳನ್ನು ಅಳೆದಾಗ, ಬಲಿತ ಮೀನುಗಳ ವಯಸ್ಸು ನೂರರ ಆಸುಪಾಸಿಗೆ, ಅದರಾಚೆಗೂ ಹೋಯಿತು. ಮೊಟ್ಟೆಯಿಡುವ ವಯಸ್ಸಿಗೆ ಬರಲೇ ದಶಕಗಳು ಬೇಕಾದ ಮೀನನ್ನು ಅಷ್ಟರಲ್ಲಿ ಟ್ರಾಲರುಗಳು ರಾಶಿ ರಾಶಿ ಬಾಚಿಕೊಂಡಿದ್ದವು. 2006ರಲ್ಲಿ ಆಸ್ಟ್ರೇಲಿಯಾ ಅದನ್ನು ಸಂರಕ್ಷಣೆ ಬೇಕಾದ ಜಾತಿಗಳ ಪಟ್ಟಿಗೆ ಸೇರಿಸಿತು.

ಯುರೋಪಿನ ಹೇಕ್ ಮೀನಿನದು ತದ್ವಿರುದ್ಧ ಕಥೆ. ಫ್ರೆಂಚ್ ವಿಜ್ಞಾನಿಗಳು ಗುರುತುಪಟ್ಟಿ ಕಟ್ಟಿ, ಕಿವಿಗಲ್ಲಿನಲ್ಲಿ ಕಲೆ ಉಳಿಸುವ ಔಷಧಿ ಚುಚ್ಚಿ ಬಿಟ್ಟ ಮೀನುಗಳು ಮತ್ತೆ ಸಿಕ್ಕಾಗ, ಅವು ಎಣಿಕೆ ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು ವೇಗವಾಗಿ ಬೆಳೆದಿದ್ದವು. ವರ್ಷದ ಉಂಗುರವೆಂದು ಎಣಿಸಿದ್ದರಲ್ಲಿ ಹಲವು ವರ್ಷದವೇ ಆಗಿರಲಿಲ್ಲ. ಪೂರ್ವ ಬಾಲ್ಟಿಕ್‌ನ ಕಾಡ್ ಮೀನಿನಲ್ಲಂತೂ ಉಂಗುರಗಳೇ ಅಸ್ಪಷ್ಟ. ದೇಶದಿಂದ ದೇಶಕ್ಕೆ ಓದು ಬೇರೆ. 2014ರಲ್ಲಿ ಅಲ್ಲಿ ವಯಸ್ಸು ಆಧರಿಸಿದ ಅಂದಾಜನ್ನೇ ಕೈಬಿಡಬೇಕಾಯಿತು.

ಎಣಿಸಿದರೆ ಸಾಲದು, ಎಣಿಕೆ ಸರಿಯೆಂದು ಸಾಬೀತು ಮಾಡಬೇಕು ಎಂದು ಕೆನಡಾದ ಬೀಮಿಶ್ ಮತ್ತು ಮ್ಯಾಕ್‌ಫಾರ್ಲೇನ್ 1983ರಲ್ಲೇ ಎಚ್ಚರಿಸಿದ್ದರು. ಮುಂದೆ 1993ರಲ್ಲಿ ಜಾನ್ ಕ್ಯಾಲಿಶ್ ಅಚ್ಚರಿಯ ಸಾಕ್ಷಿಯೊಂದನ್ನು ಬಳಕೆಗೆ ತಂದರು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ಸಮುದ್ರಕ್ಕೆ ಸೇರಿಸಿದ ಕಾರ್ಬನ್-14, ಆ ಕಾಲದಲ್ಲಿ ಹುಟ್ಟಿದ ಮೀನಿನ ಕಿವಿಗಲ್ಲಿನ ನಡುವೆ ಉಳಿದುಬಿಟ್ಟಿತ್ತು. ಅದನ್ನು ಅಳೆದರೆ ಹುಟ್ಟಿದ ಕಾಲ ತಿಳಿಯುತ್ತದೆ.

ನಮ್ಮ ಕರಾವಳಿಯ ಬೂತಾಯಿ, ಬಂಗುಡೆಗಳಿಗೆ ವರ್ಷದ ಉಂಗುರ ಎಣಿಸುವ ದಾರಿ ನೇರವಾಗಿ ಒಗ್ಗದು. ಕಡುಚಳಿಯಿಲ್ಲದ ಕಡಲಿನಲ್ಲಿ ವಾರ್ಷಿಕ ಉಂಗುರ ಸ್ಪಷ್ಟವಾಗಿ ಮೂಡುವುದಿಲ್ಲ. ಹಾಗಾಗಿ ಭಾರತದಲ್ಲಿ ಹಿಡಿದ ಮೀನುಗಳ ಉದ್ದ ಅಳೆದು ಬೆಳವಣಿಗೆ ಅಂದಾಜಿಸುವ ಕ್ರಮವೇ ಹೆಚ್ಚು ರೂಢಿಯಲ್ಲಿದೆ. ಕಿವಿಗಲ್ಲಿನಲ್ಲಿ ದಿನದ ಪದರಗಳೂ ಇವೆಯೆಂದು ಜಾರ್ಜಿಯೊ ಪನೆಲ್ಲಾ 1971ರಲ್ಲಿ ತೋರಿಸಿದ ಮೇಲೆ ಇಲ್ಲಿನ ಮೀನುಗಳಿಗೂ ಹೊಸ ದಾರಿ ತೆರೆಯಿತು. ಎರಡು ಮೂರು ವರ್ಷವಷ್ಟೇ ಬದುಕುವ ಬೂತಾಯಿಯಲ್ಲಿ ಆರು ತಿಂಗಳ ತಪ್ಪೂ ಸಣ್ಣದಲ್ಲ.

ಈಗ ಕಿವಿಗಲ್ಲಿನ ಚಿತ್ರ ನೋಡಿ ವಯಸ್ಸು ಹೇಳುವುದನ್ನು ಕಂಪ್ಯೂಟರಿಗೂ ಕಲಿಸುತ್ತಿದ್ದಾರೆ. ಆದರೆ ಅದಕ್ಕೆ ಪಾಠವಾಗುವುದು ಮನುಷ್ಯರು ಓದಿಟ್ಟ ವಯಸ್ಸುಗಳೇ. ಅವುಗಳಲ್ಲಿ ತಪ್ಪಿದ್ದರೆ ಕಂಪ್ಯೂಟರೂ ಅದೇ ತಪ್ಪನ್ನು ಕಲಿಯುತ್ತದೆ. ಅದಕ್ಕೆಂದೇ ಒಂದೇ ಕಿವಿಗಲ್ಲನ್ನು ಇಬ್ಬರು ಬೇರೆಬೇರೆಯಾಗಿ ಓದುವ, ಖಚಿತ ವಯಸ್ಸಿನ ಮಾದರಿಗಳೊಂದಿಗೆ ಹೋಲಿಸುವ, ಉಳಿದ ತಪ್ಪಿನ ಪ್ರಮಾಣವನ್ನು ಕೋಟಾದ ಲೆಕ್ಕದೊಳಗೇ ಸೇರಿಸುವ ಪದ್ಧತಿ ಬೆಳೆದುಬಂದಿದೆ.