ಅಚ್ಚುಕಟ್ಟಾಗಿ

'ಮದುವೆ ಅಚ್ಚುಕಟ್ಟಾಗಿ ನಡೆಯಿತು' ಎನ್ನುತ್ತೇವೆ. 'ಚೊಕ್ಕಟವಾಗಿ' ಎಂದಾಗ ಕೊಳೆ ಇಲ್ಲವೆಂದು ಅರ್ಥ. 'ಓರಣವಾಗಿ' ಎಂದಾಗ ಸಾಲು ತಪ್ಪಿಲ್ಲವೆಂದು. 'ಅಚ್ಚುಕಟ್ಟಾಗಿ' ಎಂಬಲ್ಲಿ ಅಳತೆಯೂ ಸೇರುತ್ತದೆ: ಏನೂ ಕಡಿಮೆಯಾಗಿಲ್ಲ, ಅತಿಯೂ ಆಗಿಲ್ಲ. ಬೆಲ್ಲದ ಅಚ್ಚನ್ನು ನೆನೆದರೆ ಸಾಕು.

ಇದೇ ಶಬ್ದ ಗದ್ದೆಯಲ್ಲೂ ಇದೆ. ಕೆರೆ, ಕಾಲುವೆಗಳ ನೀರುಣ್ಣುವ ಜಮೀನು ಅಚ್ಚುಕಟ್ಟು. ತಮಿಳು, ತೆಲುಗಿನವರ ಆಯಕಟ್ಟು. ಪತ್ರಿಕೆಯಲ್ಲಿ 'ಅಚ್ಚುಕಟ್ಟು ರೈತರು' ಎಂದು ಓದಿದ ಪೇಟೆಯ ಹುಡುಗರು ಗರಿಗರಿ ಪಂಚೆಯುಟ್ಟ ರೈತರನ್ನು ಕಲ್ಪಿಸಿಕೊಂಡಾರು! ಬದು ಕಟ್ಟಿ, ಮಡಿ ಮಾಡಿ, ಸರದಿಯಂತೆ ನೀರು ಬಿಡಬೇಕಾದ ನೆಲ ಅದು. ಹಳ್ಳಿಗಳಲ್ಲಿ ನೀರುಗಂಟಿ ಇದ್ದದ್ದು ಇದಕ್ಕಾಗಿಯೇ. ಮೇಲಿನವನು ಸರದಿ ಮೀರಿದರೆ ಕೆಳಗಿನವನ ಪೈರು ಒಣಗುತ್ತದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರು ಈ ಸಂಕಟವನ್ನು ಬಲ್ಲರು. ದಾಖಲೆಯ ಪ್ರಕಾರ ಅವರ ಹೊಲವೂ ಅಚ್ಚುಕಟ್ಟಿನೊಳಗೇ ಇದೆ.