ಪಾವತಿ ಇಲ್ಲದ ಪ್ರಯಾಣ

ರೈಲು ಹರಡುವ ಮುಂಚೆ ಜರ್ಮನಿಯಲ್ಲಿ ಊರಿಂದೂರಿಗೆ ಜನರನ್ನು ಒಯ್ಯುವ ಕೆಲಸವನ್ನೂ ಟಪಾಲಿನವರೇ ಮಾಡುತ್ತಿದ್ದರು. ಪತ್ರದ ಚೀಲ ಹೊತ್ತ ಕುದುರೆಗಾಡಿಯಲ್ಲೇ ಪ್ರಯಾಣಿಕರಿಗೂ ಜಾಗವಿರುತ್ತಿತ್ತು. ದುಡ್ಡು ಕಟ್ಟಿದವನ ಹೆಸರು, ಹೋಗುವ ಊರು, ದಿನಾಂಕ, ತೆತ್ತ ಹಣ ಇಷ್ಟನ್ನೂ ಅಚ್ಚಿನ ನಮೂನೆಯಲ್ಲಿ ತುಂಬಿ ಪಾವತಿ ಕೊಡುತ್ತಿದ್ದರು. ಆ ಚೀಟಿಗಳನ್ನು ಹುಡುಕಿ ಕೂಡಿಡುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅದೇ ಹುಚ್ಚು ಹಿಡಿದವನೊಬ್ಬ ವಿಜಯಪುರ ಸೀಮೆಗೆ ಬಂದು, ಬಬಲೇಶ್ವರದ ಮೇಲೆ ಜಮಖಂಡಿಗೂ ತಿಕೋಟಾದ ಮೇಲೆ ಅಥಣಿಗೂ ಹೋಗುವ ದಾರಿಗಳ ಹಳೆಯ ಪಾವತಿ ಕೇಳಿದರೆ ಬರಿಗೈಲಿ ಮರಳಬೇಕಾದೀತು. ಇಲ್ಲಿ ಅವು ಕಳೆದುಹೋಗಿವೆ ಎನ್ನುವುದಕ್ಕಿಂತ, ಬರೆಯುವ ಪ್ರಸಂಗವೇ ಬರಲಿಲ್ಲ ಎಂದು ನನ್ನ ವಾದ. ಇಲ್ಲಿಯ ಟಪಾಲು ಬಹುಕಾಲ ಸಾಮಾನ್ಯ ದಾರಿಹೋಕನನ್ನು ಗಿರಾಕಿಯೆಂದು ನೋಡಲೇ ಇಲ್ಲ.

ನಮ್ಮಲ್ಲಿ ವ್ಯವಸ್ಥೆಗೇನೂ ಕೊರತೆ ಇರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ವೇಗಕ್ಕಂತೂ ಕೊರತೆ ಇರಲಿಲ್ಲ. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತಾ ಕಂಡ ದಿಲ್ಲಿ ಸುಲ್ತಾನರ ಟಪಾಲಿನಲ್ಲಿ ನಾಲ್ಕು ಮೈಲಿಗೊಮ್ಮೆ ಕುದುರೆ ಬದಲಾಗುತ್ತಿತ್ತು. ಮೈಲಿಗೆ ಮೂರು ಕಡೆ ಓಟದಾಳುಗಳು ಗೆಜ್ಜೆ ಕಟ್ಟಿದ ಕೋಲು ಹಿಡಿದು ಕಾದಿರುತ್ತಿದ್ದರು. ಸುಲ್ತಾನನಿಗೆ ಖುರಾಸಾನಿನ ಹಣ್ಣು ಬರುತ್ತಿದ್ದುದೂ ದೌಲತಾಬಾದಿಗೆ ಗಂಗೆಯ ನೀರು ತಲುಪುತ್ತಿದ್ದುದೂ ಇಂಥ ಓಟದಿಂದಲೇ. ಆ ಟಪಾಲು ಒಯ್ದ ಮನುಷ್ಯರ ಪೈಕಿ ಬತೂತಾ ಹೇಳುವುದು ದೊಡ್ಡ ಅಪರಾಧಿಗಳನ್ನು. ಅವರನ್ನು ಮಂಚದ ಮೇಲೆ ಮಲಗಿಸಿ, ತಲೆಮೇಲೆ ಹೊತ್ತು ಓಡುತ್ತಿದ್ದರಂತೆ. ಅಂಥ ಸವಾರಿಗೆ ಪಾವತಿ ಕೇಳುವವರು ಯಾರು? ದೊರೆಯ ಕೆಲಸಕ್ಕೆಂದು ಓಡುವ ಟಪಾಲು ಎಷ್ಟೇ ಚುರುಕಾಗಿದ್ದರೂ ದಾರಿಯಲ್ಲಿ ನಿಂತ ರೈತನಿಗೂ ಗಾಣಿಗನಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ.

ಕಂಪನಿ ಸರಕಾರ ಜನರನ್ನು ಸಾಗಿಸಿತೆನ್ನುವುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಹೌದು, ಡಾಕ್ ಪಲ್ಲಕ್ಕಿ ಇತ್ತು. ಹೊರಡುವವನು ಕೆಲವು ದಿನ ಮೊದಲೇ ಪೋಸ್ಟ್‌ಮಾಸ್ತರನಿಗೆ ಬರೆದು ತಿಳಿಸಿ, ಹಣ ಮುಂಗಡ ಕಟ್ಟಬೇಕು. ದಾರಿಯಲ್ಲಿ ತಡಮಾಡಿದರೆ ಮುರಿದುಕೊಳ್ಳಲೆಂದು ಒಂದಿಷ್ಟು ಠೇವಣಿಯನ್ನೂ ಇಡಬೇಕು. ಆಮೇಲೆ ಎಂಟು ಜನ ಬೋಯಿಗಳು, ಇಬ್ಬರು ದೀವಟಿಗೆಯವರು, ಸಾಮಾನು ಹೊರುವ ಕಾವಡಿಯವರು ಠಾಣೆಠಾಣೆಗೂ ಸಿದ್ಧರಿರುತ್ತಿದ್ದರು. ಒಬ್ಬ ಸಾಹೇಬ ಸಾಗಲು ಇಷ್ಟು ಹೆಗಲು! ಜರ್ಮನಿಯ ಗಾಡಿಯಲ್ಲಿ ಅಪರಿಚಿತರು ಮೊಣಕಾಲು ತಾಗಿಸಿ ಕೂತು ಬಾಡಿಗೆ ಹಂಚಿಕೊಳ್ಳುತ್ತಿದ್ದರು. ಇಲ್ಲಿ ಪ್ರತಿಯೊಂದು ಸವಾರಿಗೂ ಬೇರೆ ಏರ್ಪಾಡು ಬೇಕಾದ್ದರಿಂದ ಅಚ್ಚಿನ ನಮೂನೆಗಿಂತ ಪತ್ರವ್ಯವಹಾರವೇ ಹೆಚ್ಚಾಯಿತು. 1836ರಲ್ಲಿ ಮಂಗಳೂರಿಗೆ ಬಂದ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಹುಟ್ಟಿದ ವುರ್ಟೆಂಬರ್ಗಿನಲ್ಲಿ 1851ರವರೆಗೂ ಟಪಾಲು ನಡೆಸಿದವರು ಥುರ್ನ್ ಉಂಡ್ ಟಾಕ್ಸಿಸ್ ಮನೆತನದವರು. ಅದೇ 1851ರಲ್ಲಿ ಅವನ ಬಾಸೆಲ್ ಮಿಶನ್ ಗುಳೇದಗುಡ್ಡದಲ್ಲಿ ಠಾಣೆ ಹೂಡಿತು. ಟಪಾಲಿನ ಗಾಡಿ ಬಲ್ಲವರು ಈ ನೆಲಕ್ಕೆ ಬಂದರೂ ಅವರ ಊರಿನ ಆ ಪದ್ಧತಿ ಇಲ್ಲಿಗೆ ಬರಲಿಲ್ಲ.

ಗೆದ್ದಲು ತಿಂದಿರಬೇಕು ಎಂಬ ಸುಲಭದ ಉತ್ತರ ನನಗೆ ಒಪ್ಪಿಗೆಯಿಲ್ಲ. ಒಣಹವೆಯ ಈ ಸೀಮೆಯಲ್ಲಿ ಆದಿಲಶಾಹಿಗಳ ಫರ್ಮಾನುಗಳೂ ಇನಾಮಿನ ಕಾಗದಗಳೂ ಉಳಿದಿವೆ. ಹೊಲದ ತಂಟೆಗೆ ಅವು ಬೇಕಾಗಿದ್ದವು. ಟಪಾಲಿನ ಪ್ರಯಾಣದ ಗುರುತು ಇಲ್ಲಿ ಸಿಗುವುದು ಕಟ್ಟಡಗಳಲ್ಲಿ. ವಿಜಯಪುರದ ಒಂದು ಮಸೀದಿ ಡಾಕ್ ಬಂಗಲೆಯಾಗಿತ್ತು, ಇನ್ನೊಂದು ಪೋಸ್ಟ್ ಆಫೀಸಾಗಿತ್ತು. ಎರಡನ್ನೂ ತೆರವು ಮಾಡಿಸಿದ್ದು ವೈಸ್‌ರಾಯ್ ಕರ್ಜನ್. ಸಾಹೇಬರು ಇಳಿದುಕೊಳ್ಳಲು ಕಮಾನಿನ ಕೆಳಗೆ ಜಾಗ ಮಾಡಿದ ಇಲಾಖೆ, ಬಬಲೇಶ್ವರದ ಸಂತೆಗೆ ಹೋಗುವವನಿಗೆ ಆಸನ ಮಾರಲಿಲ್ಲ.

1884ರಲ್ಲಿ ಹೋಟಗಿ–ಗದಗ ರೈಲುದಾರಿ ವಿಜಯಪುರದ ಮೇಲೆ ಹಾದಾಗ ಸಾಮಾನ್ಯನಿಗೂ ಅಚ್ಚಾದ ಚೀಟಿ ದಕ್ಕಿತು. ಅದನ್ನೂ ಇಳಿದ ಸ್ಟೇಷನ್ನಿನ ಬಾಗಿಲಲ್ಲಿ ಟಿಕೆಟ್ ಕಲೆಕ್ಟರನಿಗೆ ಒಪ್ಪಿಸಬೇಕಿತ್ತು. ತಿಕೋಟಾ, ಬಬಲೇಶ್ವರಗಳಿಗೆ ರೈಲೇ ಬರಲಿಲ್ಲ. ಅಲ್ಲಿಯವರು ಚಕ್ಕಡಿ ಹೂಡಿದರು, ಟಾಂಗಾದವನ ಜೊತೆ ಬಾಯಿಮಾತಿನಲ್ಲೇ ಬಾಡಿಗೆ ಕುದುರಿಸಿದರು. ಹಾಗಾಗಿ ಇಲ್ಲಿ ಹುಡುಕುವವನು ಪಾವತಿಯ ಆಸೆ ಬಿಟ್ಟು ಡಾಕ್ ಬಂಗಲೆಗಳ ಕಡತ, ಪೋಸ್ಟ್‌ಮಾಸ್ತರರ ಪತ್ರ, ಠೇವಣಿ ವಾಪಸು ಕೇಳಿದ ಅರ್ಜಿ ಇಂಥವನ್ನು ಅರಸುವುದು ಲೇಸು.