ಹಿರಿತನದ ಹೊಣೆ



ರಾಣೇಬೆನ್ನೂರಿನ ನಮ್ಮ ಸಭೆಯ ಹಿರಿಯರೊಬ್ಬರು ಹುಡುಗರ ದಳದ ಹಾಜರಿ ಪುಸ್ತಕವನ್ನು ನನ್ನ ಕೈಗಿತ್ತು, “ಇನ್ನು ಇದು ನಿಮ್ಮದು” ಎಂದಾಗ ನನಗೆ ಸಂತೋಷಕ್ಕಿಂತ ಅಳುಕೇ ಹೆಚ್ಚಾಯಿತು. ಸಂಬಳವಿಲ್ಲದ ಈ ಹಿರಿತನಕ್ಕೆ ಬಲ ಬರುವುದೆಲ್ಲಿಂದ?

1883ರ ಅಕ್ಟೋಬರ್ 4ರಂದು ಗ್ಲಾಸ್ಗೋ ನಗರದಲ್ಲಿ ವಿಲಿಯಂ ಸ್ಮಿತ್ ಎಂಬವರು ಬಾಯ್ಸ್ ಬ್ರಿಗೇಡನ್ನು ಆರಂಭಿಸಿದರು. ಅವರು ವ್ಯಾಪಾರಿ, ರವಿವಾರದ ಶಾಲೆಯ ಉಪಾಧ್ಯಾಯರು, ಸ್ವಯಂಸೇವಕ ಸೈನ್ಯದ ಅಧಿಕಾರಿ. ಪಾಠಕ್ಕೆ ಕುಳಿತುಕೊಳ್ಳಲೊಲ್ಲದ ಹುಡುಗರಿಗೆ ಕವಾಯತು, ಆಟಗಳ ಮೂಲಕ ಶಿಸ್ತು ಕಲಿಸಿದರು. 1907ರಲ್ಲಿ ಬೇಡನ್ ಪೊವೆಲ್ ನಡೆಸಿದ ಮೊದಲ ಸ್ಕೌಟ್ ಶಿಬಿರದಲ್ಲಿಯೂ ಈ ದಳದ ಹುಡುಗರಿದ್ದರು.

ನಮ್ಮ ಕಡೆಯಲ್ಲಿ ಆ ಶಿಸ್ತನ್ನು ದೇಶಸೇವೆಗೆ ಹೊಂದಿಸಿದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು, 1923ರಲ್ಲಿ ಅವರು ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದಾಗ ಹದಿನೆಂಟರ ತರುಣ. 1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಇಬ್ಬರು ಸಂಗಡಿಗರೊಡನೆ ಪ್ರಾಣವಿತ್ತರು. ಅನ್ಯರನ್ನು ಮುಂದೆ ಕಳುಹಿಸಿ ತಾವು ಹಿಂದೆ ನಿಂತವರಲ್ಲ.

ಇದನ್ನೆಲ್ಲ ನೆನೆದು ಪುಸ್ತಕ ತೆರೆದೆ. ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಹಲವು ಹೆಸರುಗಳ ಮುಂದೆ ಬರಿಯ ಗೈರುಹಾಜರಿ. ಆ ಹುಡುಗರು ತಾಯಂದಿರೊಡನೆ ತೊಟ್ಟು ಬಿಡಿಸಲು ಬ್ಯಾಡಗಿಗೆ ಹೋಗುತ್ತಿದ್ದರು. ನಿಯಮದಂತೆ ಹೆಸರು ಹೊಡೆದುಹಾಕುವ ಅಧಿಕಾರ ನನಗಿತ್ತು. ಹೊಡೆಯಲಿಲ್ಲ, ಸಂಜೆ ಅವರ ಮನೆಗಳಿಗೆ ಹೋದೆ, ದಳ ಕೂಡುವ ಹೊತ್ತನ್ನು ರಾತ್ರಿಗೆ ಇಟ್ಟೆ. ಮೊದಲ ರಾತ್ರಿ ಮೂವರು ಬಂದರು, ಕೈಯ ಉರಿಯನ್ನು ಊದಿಕೊಳ್ಳುತ್ತ.

ಹಿರಿತನ ಆರಂಭವಾದದ್ದು ಅಂದು.